ಇಸಿಜಿ ನಾರ್ಮಲ್ ಬಂದ ಮೇಲೆ?

ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಬರುವ ವಿಪರೀತ ಭಯ) ಆದಾಗಲೂ ಹಾರ್ಟ್ ಅಟ್ಯಾಕಿನ ಹಾಗೇ ಎದೆ ಹಿಡಿದುಕೊಳ್ಳುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದದ್ದು ಬಹಳ ಒಳ್ಳೆಯದಾಯಿತು. ಆದರೆ ಇಸಿಜಿ (ಹೃದಯದ ಪರೀಕ್ಷೆ) ನಾರ್ಮಲ್ ಬಂದ ಮೇಲೆ ಮನೆಯಲ್ಲಿ ಏನಾಗುತ್ತದೆ ಅನ್ನೋದನ್ನೂ ಬರೆಯಬೇಕಿತ್ತು. ನನ್ನ ತಂಗಿಗೆ ಬಸ್ಸಿನಲ್ಲಿ ಕೂತರೆ ಅಂಗೈ ಬೆವರಿ, ಬೆರಳು ಜುಮ್ಮೆಂದು, ಉಸಿರೇ ಸಾಲದ ಹಾಗಾಗುತ್ತಿತ್ತು. "ಏನೂ ಇಲ್ವಂತೆ, ಸುಮ್ನೆ ಯೋಚನೆ ಮಾಡ್ತಾಳೆ" ಅಂದರು ಮನೆಯವರು. ಅವಳು ಬಸ್ಸು ಹತ್ತೋದನ್ನೇ ಬಿಟ್ಟಳು. ಈ ಕಾಯಿಲೆ ಬೆಳೆಯೋದೇ ಹೀಗೆ ಅಲ್ವಾ? ತಪ್ಪಿಸಿಕೊಂಡಷ್ಟೂ ಭಯ ಜಾಸ್ತಿ. ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆಯಲ್ಲಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವಂಥದ್ದು) ಇದನ್ನೇ ಉಲ್ಟಾ ಮಾಡಿಸಿದರು: ಮೊದಲು ಒಂದೇ ಸ್ಟಾಪ್, ಅದೂ ಅಮ್ಮನ ಜೊತೆ. ಆಮೇಲೆ ಒಬ್ಬಳೇ.

ಡಾಕ್ಟರು ಇದಕ್ಕೆ ದಿನಾ ತಗೊಳ್ಳೋ ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ಶುರುವಿನಲ್ಲಿ ಚಡಪಡಿಕೆ ಜಾಸ್ತಿ ಆಗಲೂಬಹುದು. ದಯವಿಟ್ಟು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಎಲ್ಲಿಗೆ ಹೋಗೋದು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಫೋನ್ ಮಾಡಿ ಸಲಹೆ ಕೇಳಬಹುದು.