ಇನ್ನು ಮುಂದೆ ನಿಮ್ಮ ತಪ್ಪು ತೋರಿಸುವವರು ಯಾರು?

ನನಗೆ ಗಣಿತ ಕಲಿಸಿದ ಮೇಡಂ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಇದೇ ಹೊತ್ತಿಗೆ ಎಷ್ಟೋ ಹುಡುಗ ಹುಡುಗಿಯರು ಡಿಗ್ರಿ ಮುಗಿಸಿ ಹೊರಗೆ ಕಾಲಿಡುತ್ತಿದ್ದಾರೆ. ಮೇಡಂ ಬಗ್ಗೆ ಬರೆಯಬೇಕು ಅಂತ ಕೂತೆ, ಬರೆಯುತ್ತಾ ಬರೆಯುತ್ತಾ ಅದು ಈ ಮಕ್ಕಳಿಗೆ ಹೇಳುವ ಮಾತೂ ಆಯಿತು. ಹೆಸರು ಹಾಕಿದರೆ ಅವರಿಗೆ ಮುಜುಗರ, ಅದಕ್ಕೇ ಹಾಕುತ್ತಿಲ್ಲ. ಅವರ ಹತ್ತಿರ ಓದಿದವರಿಗೆ ಮುಂದಿನ ಪ್ಯಾರಾ ಓದಿದರೆ ಸಾಕು, ಗೊತ್ತಾಗುತ್ತದೆ.

ಮೇಡಂ ಉತ್ತರ ಪತ್ರಿಕೆ ತಿದ್ದುವ ರೀತಿಯೇ ಬೇರೆ. ಸಾಮಾನ್ಯವಾಗಿ ಬೇರೆಯವರು ಕೊನೆಯ ಸಾಲು ನೋಡುತ್ತಾರೆ, ಉತ್ತರ ತಪ್ಪಿದ್ದರೆ ಒಂದು ಗೆರೆ ಎಳೆದು ಪುಟ ತಿರುಗಿಸುತ್ತಾರೆ. ಇವರು ಒಂದೊಂದೇ ಸ್ಟೆಪ್ ಓದುತ್ತಾ ಬರುತ್ತಿದ್ದರು. ಯೋಚನೆ ಎಲ್ಲಿ ಜಾರಿತೋ ಸರಿಯಾಗಿ ಅಲ್ಲಿಗೆ ಪೆನ್ಸಿಲ್‌ನಲ್ಲಿ ಒಂದು ಸುತ್ತು. ಪಕ್ಕದಲ್ಲಿ, "ಇಲ್ಲಿವರೆಗೂ ಚೆನ್ನಾಗಿದೆ. ಇಲ್ಲಿಂದ ಮತ್ತೆ ನೋಡು." ಅಷ್ಟೇ. ಸರಿ ಉತ್ತರ ಬರೆದು ಕೊಡುತ್ತಿರಲಿಲ್ಲ. ಸಮೀಕರಣದ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿದ್ದರೆ, "ಎಕ್ಸ್ ಸೊನ್ನೆ ಆಗಿದ್ದರೆ?" ಅನ್ನುವ ಪ್ರಶ್ನೆ ಮಾತ್ರ ಇರುತ್ತಿತ್ತು. ಪೇಪರ್ ಕೈಗೆ ಬಂದರೆ ನಾವು ಮಾರ್ಕ್ಸಿಗಿಂತ ಮೊದಲು ಸುತ್ತು ಎಲ್ಲಿದೆ ಅಂತ ಹುಡುಕುತ್ತಿದ್ದೆವು.

ಆ ಸುತ್ತು ಎಷ್ಟು ಜನರನ್ನು ಉಳಿಸಿತು ಅಂತ ಈಗ ಅರ್ಥವಾಗುತ್ತಿದೆ. "ನನ್ನ ತಲೆಗೆ ಗಣಿತ ಹತ್ತಲ್ಲ" ಅಂತ ತೀರ್ಮಾನ ಮಾಡಿಕೊಂಡು ಬಂದವರೇ ಕ್ಲಾಸಲ್ಲಿ ಜಾಸ್ತಿ. ಅಂಥವರ ಪೇಪರಲ್ಲೂ ನಾಲ್ಕು ಸ್ಟೆಪ್ ಸರಿ ಇರುತ್ತಿದ್ದವು, ಐದನೆಯದರಲ್ಲಿ ಚಿಹ್ನೆ ಬದಲಾಗಿರುತ್ತಿತ್ತು. ತಪ್ಪಿಗೆ ಒಂದು ಜಾಗ ಸಿಕ್ಕಿತಲ್ಲ, ಆಗ ಅದು ಇಡೀ ಮನುಷ್ಯನ ಮೇಲೆ ಬಂದು ಕೂರುವುದಿಲ್ಲ. ತಮ್ಮ ವಿಷಯದಲ್ಲೂ ಮೇಡಂ ಹಾಗೇ ಇದ್ದರು. ಬೋರ್ಡಿನ ಮೇಲೆ ಬರೆದದ್ದು ತಪ್ಪು ಅಂತ ಯಾರಾದರೂ ಕೈ ಎತ್ತಿದರೆ, ಹಿಂದೆ ಸರಿದು ನಿಂತು ಪೂರ್ತಿ ಓದಿ, "ಹೌದು, ನೀನು ಹೇಳಿದ್ದೇ ಸರಿ" ಅಂತ ಅಳಿಸಿ ಬರೆಯುತ್ತಿದ್ದರು.

ಅವರು ತುಂಬಾ ಇಷ್ಟಪಟ್ಟು ಹೇಳುತ್ತಿದ್ದದ್ದು ಆಂಡ್ರ್ಯೂ ವೈಲ್ಸ್ ಅನ್ನುವ ಗಣಿತಜ್ಞರ ಕಥೆ. ಫರ್ಮಾ ಅನ್ನುವ ಹಳೆಯ ಕಾಲದ ಗಣಿತಜ್ಞರು ಬರೆದಿಟ್ಟ ಒಂದು ಹೇಳಿಕೆ, ಫರ್ಮಾನ ಕೊನೆಯ ಪ್ರಮೇಯ, ಅದು ಸರಿ ಅಂತ ಸಾಧಿಸಿ ತೋರಿಸಲು 350ಕ್ಕೂ ಹೆಚ್ಚು ವರ್ಷ ಯಾರಿಗೂ ಆಗಿರಲಿಲ್ಲ. ವೈಲ್ಸ್ ಸುಮಾರು 7 ವರ್ಷ ಹೆಚ್ಚು ಕಡಿಮೆ ಒಬ್ಬರೇ ಗುಟ್ಟಾಗಿ ಕೂತು ಅದನ್ನು ಸಾಧಿಸಿದರು. 1993ರ ಜೂನ್‌ನಲ್ಲಿ ಕೇಂಬ್ರಿಜ್‌ನಲ್ಲಿ ಘೋಷಿಸಿದಾಗ ಜಗತ್ತೆಲ್ಲ ಸುದ್ದಿ. ಆಮೇಲೆ ನಿಕ್ ಕಾಟ್ಜ್ ಅನ್ನುವ ಗಣಿತಜ್ಞರು ಸಾಲು ಸಾಲಾಗಿ ಪರಿಶೀಲಿಸುತ್ತಾ ಒಂದು ಕಡೆ ನಿಂತುಬಿಟ್ಟರು. ಅಲ್ಲಿ ತರ್ಕ ಕೂಡುತ್ತಿರಲಿಲ್ಲ. ವೈಲ್ಸ್ ತಿಂಗಳುಗಟ್ಟಲೆ ಒದ್ದಾಡಿ, ಕೊನೆಗೆ ರಿಚರ್ಡ್ ಟೇಲರ್ ಅವರನ್ನು ಜೊತೆಗೆ ಕರೆದರು. 1994ರ ಸೆಪ್ಟೆಂಬರ್‌ನಲ್ಲಿ ದಾರಿ ಸಿಕ್ಕಿತು, 1995ರಲ್ಲಿ ಪ್ರಕಟವಾಯಿತು. ಟೇಲರ್ ಯಾರು ಗೊತ್ತಾ? ವೈಲ್ಸ್ ಅವರದೇ ಹಳೆಯ ವಿದ್ಯಾರ್ಥಿ. ಇದನ್ನು ಹೇಳುವಾಗ ಮೇಡಂ ಮುಖ ಅರಳುತ್ತಿತ್ತು.

ಈಗ ಡಿಗ್ರಿ ಮುಗಿಸಿರುವ ನಿಮಗೆ ನನ್ನ ಮಾತು. ಇನ್ನು ಮುಂದೆ ನಿಮ್ಮ ಪೇಪರಿಗೆ ಆ ಸುತ್ತು ಹಾಕುವುದು ಯಾರ ಕೆಲಸವೂ ಅಲ್ಲ. ಇಂಟರ್ವ್ಯೂನಲ್ಲಿ ಬೇಡ ಅಂದವರು ಯಾಕೆ ಬೇಡ ಅಂತ ಬಹಳಷ್ಟು ಸಲ ಹೇಳುವುದಿಲ್ಲ. ಆಫೀಸಿನಲ್ಲಿ ನಿಮ್ಮ ರಿಪೋರ್ಟ್ ಚೆನ್ನಾಗಿಲ್ಲದಿದ್ದರೆ, ಪುರುಸೊತ್ತಿಲ್ಲದ ಮೇಲಿನವರು ತಾವೇ ತಿದ್ದಿ ಕಳಿಸಿಬಿಡುತ್ತಾರೆ. ಮುಂದಿನ ಸಲ ಆ ಕೆಲಸ ಇನ್ನೊಬ್ಬರ ಟೇಬಲ್‌ಗೆ ಹೋಗುತ್ತದೆ. ಯಾರೂ ಬೈಯಲ್ಲ, ಯಾರೂ ಹೇಳಲ್ಲ. ಹಾಗೇ ವರ್ಷಗಳು ಕಳೆದುಹೋಗುತ್ತವೆ. ಕಾಲೇಜು ಬಿಟ್ಟಾಗ ಆಗುವ ದೊಡ್ಡ ನಷ್ಟ ಇದೇ ಅಂತ ನನ್ನ ನಂಬಿಕೆ.

ಹಾಗಾಗಿ ಕೇಳಿ ಪಡೆಯಬೇಕು. ಕೇಳುವುದರಲ್ಲೂ ಒಂದು ಕ್ರಮ ಇದೆ. "ಹೇಗಿದೆ?" ಅಂದರೆ "ಚೆನ್ನಾಗಿದೆ" ಅಂತಲೇ ಉತ್ತರ ಬರುತ್ತದೆ. "ಓದುವಾಗ ಎಲ್ಲಿ ನಿಂತಿರಿ? ಯಾವ ಸಾಲು ಎರಡು ಸಲ ಓದಬೇಕಾಯಿತು?" ಅಂತ ಕೇಳಿ ನೋಡಿ. ಅವರು ಹೇಳುವಾಗ ಸಮರ್ಥನೆಗೆ ಇಳಿಯಬೇಡಿ, ಸುಮ್ನೆ ಬರೆದುಕೊಳ್ಳಿ. ಒಪ್ಪುವುದೋ ಬಿಡುವುದೋ ಆಮೇಲೆ ನೋಡೋಣ. ಒಂದು ಸಲ ವಾದ ಮಾಡಿದರೆ ಆ ಮನುಷ್ಯ ಎರಡನೇ ಸಲ ಬಾಯಿ ಬಿಡುವುದಿಲ್ಲ.

ಎಲ್ಲರ ಮಾತೂ ತೆಗೆದುಕೊಳ್ಳಬೇಕಾಗಿಲ್ಲ. ಕೆಲವರು ಕೊನೆಯ ಸಾಲು ಮಾತ್ರ ಓದುವವರು. ಕೆಲಸ ಸಿಕ್ತಾ, ಸಂಬಳ ಎಷ್ಟು, ಪಕ್ಕದ ಮನೆಯವರಿಗೆ ಎಷ್ಟು, ಇಷ್ಟೇ ಅವರ ಪ್ರಶ್ನೆ. ಅವರ ತೀರ್ಪಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ, ದಯವಿಟ್ಟು. ಅವಮಾನ ಮಾಡಿ "ನಿನ್ನ ಒಳ್ಳೇದಕ್ಕೇ ಹೇಳಿದ್ದು" ಅನ್ನುವವರಿಂದಲೂ ದೂರ ಇರಿ. ನಿಮ್ಮ ಜೊತೆ ಸ್ಟೆಪ್ ಸ್ಟೆಪ್ ನಡೆದು ಬರುವ ಒಬ್ಬಿಬ್ಬರು ಸಿಕ್ಕರೆ ಅವರನ್ನು ಬಿಡಬೇಡಿ.

ತಿಂಗಳಾದರೂ ಕೆಲಸ ಸಿಗದೆ ಕೂತಿದ್ದೀರಾ? "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನುವ ಮೊದಲು ಎಲ್ಲಿ ನಿಲ್ಲುತ್ತಿದೆ ನೋಡಿ. ಅರ್ಜಿ ಹಾಕಿದ ಕಡೆಯಿಂದ ಕರೆಯೇ ಬರುತ್ತಿಲ್ಲವಾ? ಹಾಗಾದರೆ ರೆಸ್ಯೂಮೆ ಯಾರಿಗಾದರೂ ತೋರಿಸಿ. ಟೆಸ್ಟ್ ದಾಟಿ ಇಂಟರ್ವ್ಯೂನಲ್ಲಿ ಬೀಳುತ್ತಿದ್ದೀರಾ? ಜೋರಾಗಿ ಮಾತಾಡಿ ಅಭ್ಯಾಸ ಮಾಡಿ, ಗೆಳೆಯರ ಮುಂದೆ ಕೂತು. ಹುದ್ದೆಗಳೇ ಕಡಿಮೆ ಇರುವ ಕಾಲವೂ ಇರುತ್ತದೆ, ಅದು ನಿಮ್ಮ ತಪ್ಪಲ್ಲ. ಇಲ್ಲಿವರೆಗೂ ಚೆನ್ನಾಗೇ ಬಂದಿದ್ದೀರಿ.

ಇನ್ನೊಂದು ವಿಷಯ. ಕಲಿಸಿದವರಿಗೆ ಹೇಳಬೇಕಾದ್ದನ್ನು ಹೇಳಿಬಿಡಿ. ಆಲ್ಬರ್ಟ್ ಕಮೂಗೆ 1957ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಅವರು ಕೂಸಾಗಿದ್ದಾಗಲೇ ತಂದೆ ಯುದ್ಧದಲ್ಲಿ ತೀರಿಕೊಂಡಿದ್ದರು. ತಾಯಿಗೆ ಓದು ಬರಹ ಬಾರದು, ಕಿವಿಯೂ ಸರಿಯಾಗಿ ಕೇಳದು, ಬೇರೆಯವರ ಮನೆ ಶುಚಿ ಮಾಡಿ ಸಾಕಿದರು. ಲೂಯಿ ಜೆರ್ಮೇನ್ ಅನ್ನುವ ಪ್ರೈಮರಿ ಶಾಲೆಯ ಮೇಷ್ಟ್ರು ಆ ಹುಡುಗನಿಗೆ ಬೇರೆಯಾಗಿ ಪಾಠ ಹೇಳಿ, ಮನೆಯವರನ್ನು ಒಪ್ಪಿಸಿ, ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಿಸಿದರು. ನೊಬೆಲ್ ಗದ್ದಲ ಸ್ವಲ್ಪ ಇಳಿದ ಮೇಲೆ, ನವೆಂಬರ್ 19ರಂದು, ಕಮೂ ಆ ಮೇಷ್ಟ್ರಿಗೆ ಕಾಗದ ಬರೆದರು. ಸುದ್ದಿ ಬಂದಾಗ ತಾಯಿಯ ನಂತರ ನೆನಪಾದದ್ದು ನೀವೇ ಅಂತ ಹೇಳಿಕೊಂಡರು. ಪುಟ್ಟ ಕಾಗದ ಅದು. ನಮಗೆ ನೊಬೆಲ್ ಬರುವವರೆಗೆ ಕಾಯಬೇಕಾಗಿಲ್ಲ, ಅಲ್ವಾ?

ಮೇಡಂ ಹತ್ತಿರ ಓದಿದವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಬೀಳ್ಕೊಡುಗೆಗೆ ಹಾರ, ಶಾಲು ಎಲ್ಲ ಆಗುತ್ತದೆ, ಆಗಲಿ. ಅದರ ಜೊತೆಗೆ ಒಂದೊಂದು ಕಾಗದ ಬರೆಯೋಣ. "ನೀವು ಶ್ರೇಷ್ಠ ಗುರುಗಳು" ಅಂತ ಬೇಡ. ಅವರು ಹೇಳಿಕೊಟ್ಟ ಯಾವುದು, ನಿಮ್ಮ ಬದುಕಿನಲ್ಲಿ ಎಲ್ಲಿ, ಹೇಗೆ ಕೆಲಸಕ್ಕೆ ಬಂತು ಅಂತ ಸ್ಟೆಪ್ ಬಿಡದೆ ಬರೆಯಿರಿ. ಅವರು ಓದುವುದು ಹಾಗೇ.