15 ವರ್ಷ ದಾಟಿದ ಡೀಸೆಲ್ ಗಾಡಿ ಬೆಂಗಳೂರಲ್ಲಿ ಓಡಬೇಕಾ?

ನಿಷೇಧದ ಪರ: ಓಡೋದು ಬೇಡ, ರಸ್ತೆಯಿಂದ ಇಳಿಸಿಬಿಡಿ

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಕೂತು ನೋಡಿ. ಮುಂದೆ ಹಳೇ ಟೆಂಪೊ. ಹಸಿರು ದೀಪ ಬಿದ್ದ ತಕ್ಷಣ ಡ್ರೈವರ್ ಆಕ್ಸಿಲರೇಟರ್ ಒತ್ತುತ್ತಾನೆ, ಕರಿ ಹೊಗೆ ನೇರ ಹೆಲ್ಮೆಟ್ ಒಳಗೆ. ಕಣ್ಣಿಗೆ ಕಾಣುವ ಮಸಿಯಾದರೂ ಕರ್ಚೀಫಿಗೆ ಸಿಗುತ್ತದೆ. ಪಿಎಂ 2.5 ಸಿಗಲ್ಲ. ತಲೆಗೂದಲ ದಪ್ಪದಲ್ಲಿ ಸುಮಾರು 25ರಲ್ಲಿ ಒಂದು ಪಾಲು ಇರುವ ಕಣ ಅದು, ಶ್ವಾಸಕೋಶದ ತಳ ಮುಟ್ಟುತ್ತದೆ, ತೀರಾ ಸಣ್ಣವು ರಕ್ತಕ್ಕೂ ಇಳಿಯುತ್ತವೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ.

ಲೆಕ್ಕ ನೋಡಿ. ಹಳೇ ಬಿಎಸ್-3 (ಭಾರತ್ ಸ್ಟೇಜ್, ಅಂದರೆ ಸರ್ಕಾರದ ಹೊಗೆ ಮಿತಿಯ ಮೂರನೇ ಹಂತ) ಡೀಸೆಲ್ ಕಾರು ಕಿಲೋಮೀಟರಿಗೆ 50 ಮಿಲಿಗ್ರಾಂ ಕಣ ಬಿಡಬಹುದಿತ್ತು. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6ರಲ್ಲಿ ಮಿತಿ 4.5. ಅಂದರೆ ಹಳೇದೊಂದು ಓಡಿದರೆ ಹೊಸದು ಹನ್ನೊಂದು ಓಡಿದ ಹಾಗೆ, ಅದೂ ಕಾಗದದ ಮೇಲೆ, ಇಂಜಿನ್ ಸವೆದ ಮೇಲೆ ಕೇಳೋದೇ ಬೇಡ.

ಎಮಿಷನ್ ಟೆಸ್ಟ್ ಇದೆಯಲ್ಲ ಅಂತೀರಾ? ಡೀಸೆಲ್ ಗಾಡಿಗೆ ಅಲ್ಲಿ ಹೊಗೆ ಎಷ್ಟು ದಟ್ಟ ಅಂತ ಮಾತ್ರ ನೋಡುತ್ತಾರೆ, ಸಣ್ಣ ಕಣ ಅಳೆಯುವುದೇ ಇಲ್ಲ. ನಾನು ಹೋದ ಒಂದು ಕಡೆ ಸೈಲೆನ್ಸರಿಗೆ ಪೈಪು ಸಿಕ್ಕಿಸುವ ಮೊದಲೇ ಸರ್ಟಿಫಿಕೇಟ್ ಪ್ರಿಂಟ್ ಆಗಿತ್ತು!

ನಿಷೇಧದ ವಿರೋಧ: ಇಸವಿ ಬಿಡಿ, ಹೊಗೆ ನೋಡಿ

ನಮ್ಮ ಮಾವನದು 2009ರ ಗೂಡ್ಸ್ ಗಾಡಿ. ಬೆಳಗಿನ ಜಾವ ಕಲಾಸಿಪಾಳ್ಯದಿಂದ ತರಕಾರಿ ಹೊರುತ್ತದೆ, ದಿನಕ್ಕೆ 30 ಕಿಲೋಮೀಟರ್ ಓಡಿದರೆ ಹೆಚ್ಚು. ಆಯಿಲ್, ಏರ್ ಫಿಲ್ಟರ್, ನಾಜಲ್, ಯಾವುದಕ್ಕೂ ಅವರು ಕಂಜೂಸು ಮಾಡಿದವರಲ್ಲ. ಎದುರು ಮನೆಯವರದು ಬಿಎಸ್-6 ಎಸ್‌ಯುವಿ. ಅದರಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ನಮ್ಮ ಆಮೆ ಟ್ರಾಫಿಕ್ಕಿನಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗದೆ, ಹಿಡಿದ ಮಸಿ ಸುಟ್ಟುಹೋಗದೆ, ಅದು ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಅವರು ಬಿಚ್ಚಿಸಿಯೇ ಹಾಕಿದರು. ಈಗ ಊರು ಬಿಡಬೇಕಾದವರು ಯಾರು?

ದೆಹಲಿ ಕಥೆ ಗೊತ್ತಲ್ವಾ? 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಕೊನೆಗೆ 2025ರ ಜುಲೈ 1ರಿಂದ ಇಂಥ ಗಾಡಿಗೆ ಬಂಕಿನಲ್ಲಿ ಎಣ್ಣೆ ಹಾಕಬೇಡಿ ಎಂದರು, ಜನ ಕೂಗಾಡಿದ್ದೇ ತಡ ಕೆಲವೇ ದಿನದಲ್ಲಿ ತಡೆಹಿಡಿದರು. ಇಷ್ಟರ ನಡುವೆ ಎಷ್ಟೋ ಗಾಡಿಗಳು ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತಗೊಂಡು ಬೇರೆ ರಾಜ್ಯ ಸೇರಿದವು. ನಮ್ಮಲ್ಲೂ ಅಷ್ಟೇ, ಇಳಿಸಿದ ಟೆಂಪೊ ಗುಜರಿಗೆ ಹೋಗಲ್ಲ, ಶಿರಾಕ್ಕೆ ಹೋಗುತ್ತದೆ. ಶಿರಾದವರು ಉಸಿರಾಡಲ್ವಾ?

ಅಗೆದು ಬಿಟ್ಟ ರಸ್ತೆಯ ಧೂಳು, ಟೈರಿನ ಪುಡಿ ಬೇರೆ ಇದೆ. ಅದನ್ನು ಎಲೆಕ್ಟ್ರಿಕ್ ಗಾಡಿಯೂ ಎಬ್ಬಿಸುತ್ತದೆ.

ಟೆಸ್ಟ್ ಸರಿಯಿಲ್ಲ ಅನ್ನುವುದು ನಿಜ, ಅದನ್ನು ಸರಿಮಾಡಿ. ಹೊಗೆ ಕಾರಿದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎನ್ನುವ ಪತ್ರ) ಕೊಡಬೇಡಿ, ಮಾವನ ಗಾಡಿಯೇ ಆದರೂ ಸರಿ. ಆರ್‌ಸಿಯಲ್ಲಿರುವ ಇಸವಿ ನೋಡಿ ಕಿತ್ತುಕೊಂಡರೆ ಮಾತ್ರ, 58ರ ವಯಸ್ಸಿನಲ್ಲಿ ಅವರಿಗೆ ಹೊಸ ಗಾಡಿಗೆ ಯಾವ ಬ್ಯಾಂಕ್ ಸಾಲ ಕೊಡುತ್ತದೆ ಅಂತಲೂ ಹೇಳಿಬಿಡಿ.