ರಿಮೋಟಿನಲ್ಲಿ ಒಂಬತ್ತು ಇಲ್ಲ

ಓಣಂ ಆಫರಲ್ಲಿ ಅಮ್ಮನಿಗೊಂದು ಸ್ಮಾರ್ಟ್ ಟಿವಿ ತಂದೆ ಮಾರಾಯ್ರೆ. ಹಳೇ ಡಬ್ಬ ಟಿವಿ ಮೇ ತಿಂಗಳ ಸಿಡಿಲಿಗೆ ಹೋಗಿತ್ತು, ಕೇರಳಕ್ಕೆ ಸೇರಿದ ಕಾಸರಗೋಡಿನ ನಮ್ಮ ಪೆರ್ಲದ ಕಡೆ ಟಿವಿ ಸಾಯುದೇ ಹಾಗೆ, ಸಹಜ ಮರಣ ಅಂತ ಇಲ್ಲ. 43 ಇಂಚು, ರೇಟು ಕೇಳಿದ್ರೆ ಇಷ್ಟು ಕಮ್ಮಿಗೆ ಹೇಗೆ ಕೊಡ್ತಾರಪ್ಪಾ ಅನ್ನುವ ಹಾಗೆ. ಕಂಪನಿ ಹೆಸರು ಬೇಡ, ಎಲ್ಲಾ ಒಂದೇ.

ಅಮ್ಮ ರಿಮೋಟ್ ಕೈಯಲ್ಲಿ ಹಿಡ್ಕೊಂಡು ಹಿಂದೆ ಮುಂದೆ ತಿರುಗಿಸಿ ಮೊದಲು ಕೇಳಿದ್ದು, "ಒಂಬತ್ತು ಎಲ್ಲಿದ್ದು?" ಅಂತ. ಅವರಿಗೆ ಚಾನೆಲ್ ಅಂದ್ರೆ ನಂಬ್ರ. ನೋಡ್ತೇನೆ, ಒಂಬತ್ತು ಮಾತ್ರ ಅಲ್ಲ, ಒಂದೂ ಇಲ್ಲ ಎರಡೂ ಇಲ್ಲ. ನಂಬ್ರದ ಜಾಗದಲ್ಲಿ ನಾಲ್ಕು ದೊಡ್ಡ ದೊಡ್ಡ ಬಣ್ಣದ ಬಟನ್, ಒಂದೊಂದರ ಮೇಲೆ ಒಂದೊಂದು ಸಿನಿಮಾ ತೋರಿಸುವ ಕಂಪನಿಯ ಹೆಸರು. ಅದರಲ್ಲಿ ಮೂರಕ್ಕೆ ನಾವು ದುಡ್ಡೇ ಕಟ್ಟಿಲ್ಲ.

ಈ ಬಟನ್ ಪುಕ್ಕಟೆ ಅಲ್ಲ ಗೊತ್ತುಂಟಾ. ಆ ಜಾಗಕ್ಕೆ ಆಯಾ ಕಂಪನಿಯವರು ಟಿವಿ ಮಾಡುವವರಿಗೆ ದುಡ್ಡು ಕೊಡ್ತಾರೆ. ಕುಂಬ್ಳೆ ಜಾತ್ರೆಯ ಬೆಡಿ, ಅಂದ್ರೆ ಸುಡುಮದ್ದಿನ ಸಮಯದಲ್ಲಿ ಸಂತೆ ಹಾಕುವವನಿಗೆ ದೇವಸ್ಥಾನದ ಎದುರಿನ ಜಾಗ ಸಿಕ್ಕಿದ್ರೆ ಹೇಗೋ, ಹಾಗೆ. ನಮ್ಮ ಹೆಬ್ಬೆರಳು ಮೊದಲು ಎಲ್ಲಿಗೆ ಹೋಗ್ತದೋ ಅದೇ ಒಳ್ಳೆ ಜಾಗ, ಅದಕ್ಕೇ ರೇಟು ಜಾಸ್ತಿ. ಐಫೋನಿನ ಸಫಾರಿಯಲ್ಲಿ ಹುಡುಕಿದ್ರೆ ಮೊದಲು ಗೂಗಲ್ಲೇ ಬರ್ಬೇಕು ಅಂತ ಗೂಗಲ್ ಆ್ಯಪಲ್‌ಗೆ 2022 ಒಂದೇ ವರ್ಷದಲ್ಲಿ ಕೊಟ್ಟದ್ದು 2,000 ಕೋಟಿ ಡಾಲರ್, ಕೋಟಿ ಡಾಲರ್ ಸ್ವಾಮಿ, ರೂಪಾಯಿ ಅಲ್ಲ. ಅಮೆರಿಕದ ಕೋರ್ಟಲ್ಲಿ ಕೇಸು ನಡೆದ ಕಾರಣ ಇದು ಹೊರಗೆ ಬಂತು, ಇಲ್ಲದಿದ್ರೆ ನಮಗೆಲ್ಲಿ ಗೊತ್ತಾಗ್ತಿತ್ತು. ಯಾರು ಬೇಕಾದ್ರೂ ಸೆಟ್ಟಿಂಗಿಗೆ ಹೋಗಿ ಬದಲಾಯಿಸಬಹುದು ಅಂತ ಹೇಳ್ತಾರೆ. ಹೌದು, ಬದಲಾಯಿಸಬಹುದು. ಹೆಚ್ಚಿನವರು ಬದಲಾಯಿಸುದಿಲ್ಲ ಅನ್ನುವುದಕ್ಕೇ ಅಷ್ಟು ದುಡ್ಡು.

ಟಿವಿ ಫಿಟ್ ಮಾಡ್ಲಿಕ್ಕೆ ಬಂದ ಹುಡುಗ ಸ್ಕ್ರೀನಲ್ಲಿ ಬಂದ ಎಲ್ಲದಕ್ಕೂ ಓಕೆ ಓಕೆ ಓಕೆ ಅಂತ ಒತ್ತಿಕೊಂಡು ಹೋದ. ಅದೆಂತದ್ದು ಓದಿಯಾದ್ರೂ ನೋಡ್ಬೇಕಲ್ಲ ಅಂದೆ. "ಇದ್ ಞೆಕ್ಕಿಯಾಲೇ ಮುನ್ನೋಟ್ಟ್ ಪೋವೂ ಚೇಟ್ಟಾ" ಅಂದ, ಅಂದ್ರೆ ಒತ್ತಿದ್ರೆ ಮಾತ್ರ ಮುಂದೆ ಹೋಗುದು. ಸತ್ಯವೇ ಹೇಳಿದ, ಪಾಪ. ಎರಡು ವಾರ ಆದ ಮೇಲೆ ನಾನು ಕೂತ್ಕೊಂಡು ಸೆಟ್ಟಿಂಗ್ ಒಳಗಿನ ಒಳಗಿನ ಒಳಗೆ ಹೋಗಿ ನೋಡಿದ್ರೆ, ನಾವು ನೋಡುದನ್ನು ಟಿವಿ ನೋಡ್ಲಿಕ್ಕೆ ಒಪ್ಪಿಗೆ ಕೊಟ್ಟಾಗಿದೆ. ಪರದೆಯಲ್ಲಿ ಎಂತ ಓಡ್ತಾ ಉಂಟೋ ಅದರ ಸಣ್ಣ ಸಣ್ಣ ಗುರುತು ತೆಗೆದು ಕಂಪನಿಗೆ ಕಳಿಸಿ, ಅಲ್ಲಿರುವ ಲಿಸ್ಟಿಗೆ ಹೋಲಿಸಿ, ಈ ಮನೆಯವರು ಇಂಥಾದ್ದು ನೋಡ್ತಾರೆ ಅಂತ ಬರೆದಿಡುವ ವ್ಯವಸ್ಥೆ. ಸೆಟ್ ಟಾಪ್ ಬಾಕ್ಸಿಂದ ಬರುದನ್ನೂ ಬಿಡುದಿಲ್ಲ. ಅಮೆರಿಕದಲ್ಲಿ ವಿಜಿಯೋ ಅಂತ ಒಂದು ಟಿವಿ ಕಂಪನಿ 1.1 ಕೋಟಿ ಟಿವಿಗಳಲ್ಲಿ ಜನರ ಒಪ್ಪಿಗೆಯನ್ನೇ ಕೇಳದೆ ಇದನ್ನು ಮಾಡಿ ಸಿಕ್ಕಿಬಿದ್ದು 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿತ್ತು. ಲೆಕ್ಕ ಹಾಕಿ, ಒಂದು ಟಿವಿಗೆ 20 ಸೆಂಟ್. ಮತ್ತೆ 2021ರಲ್ಲಿ ಒಂದು ತ್ರೈಮಾಸಿಕದ ಲೆಕ್ಕ ಕೊಟ್ಟಾಗ ನೋಡಿದ್ರೆ ಅದೇ ಕಂಪನಿಗೆ ಟಿವಿ ಮಾರಿ ಬಂದ ಲಾಭಕ್ಕಿಂತ ಜಾಹೀರಾತು ಡೇಟಾ ಇಂಥದ್ದರಲ್ಲಿ ಬಂದ ಲಾಭವೇ ಎರಡು ಪಟ್ಟಿಗಿಂತ ಜಾಸ್ತಿ. ರೇಟು ಯಾಕೆ ಕಮ್ಮಿ ಅಂತ ನನಗೆ ಅರ್ಥ ಆದದ್ದು ಆಗ.

ಸರಿ, ನಮ್ಮನ್ನು ಅಷ್ಟು ನೋಡ್ತದಲ್ಲ, ನಮ್ಮ ಮನೆ ಭಾಷೆಯಾದ್ರೂ ಗೊತ್ತಿರ್ಬೇಕಲ್ಲ? ಇಲ್ಲ. ಬೆಳಿಗ್ಗಿಂದ ರಾತ್ರಿವರೆಗೆ ಈ ಮನೆಯಲ್ಲಿ ಹವ್ಯಕ ಕನ್ನಡ, ತೋಟದ ಕೆಲಸದವರ ಹತ್ರ ತುಳು, ಟಿವಿಯ ಮೆನು ಕನ್ನಡಕ್ಕೆ ಹಾಕಿಟ್ಟದ್ದು ನಾನೇ. ಆದ್ರೂ ಯಕ್ಷಗಾನದ ಮಧ್ಯೆ ಬರುವ ಆ್ಯಡ್ ಎಲ್ಲಾ ಮಲಯಾಳ, ಚಿನ್ನದಂಗಡಿ, ಪೈಂಟು, ಮತ್ತೆ ಚಿನ್ನದಂಗಡಿ. ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ, ನಮಗೆಲ್ಲ ಅದು ಬರ್ತದೆ, ಅಮ್ಮನೂ ಪೇಟೆಯಲ್ಲಿ ಚೆಂದಕ್ಕೆ ಮಾತಾಡ್ತಾರೆ. ವಿಷಯ ಅದಲ್ಲ. ನಿನ್ನನ್ನು ನಿನಗಿಂತ ಚೆನ್ನಾಗಿ ಬಲ್ಲೆ ಅಂತ ಹೇಳುವ ಈ ಯಂತ್ರಕ್ಕೆ ನಮ್ಮ ಬಗ್ಗೆ ಬೇಕಾದದ್ದು 671ರಲ್ಲಿ ಶುರುವಾಗುವ ಪಿನ್‌ಕೋಡು, ಅಷ್ಟೇ. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿ ಎಳೆದ ಗೆರೆ ಸರ್ಕಾರಿ ಕಾಗದದಲ್ಲಿತ್ತು, ಶಾಲೆ ಮಾಷ್ಟ್ರ ನೇಮಕದಲ್ಲಿತ್ತು, ಈಗ ಅಡುಗೆಮನೆ ಪಕ್ಕದ ಟಿವಿಯೊಳಗೂ ಬಂತು.

ಇದರಲ್ಲಿ ನನ್ನದೂ ಪಾಲುಂಟು, ಅದನ್ನೂ ಹೇಳಿಬಿಡ್ತೇನೆ. ಹೋದ ವರ್ಷ ನಮ್ಮೂರಿನ ಬಯಲಾಟದ ಪೋಸ್ಟರನ್ನು ಇದೇ ಫೇಸ್‌ಬುಕ್ಕಲ್ಲಿ ಐನೂರು ರೂಪಾಯಿ ಕೊಟ್ಟು ಬೂಸ್ಟ್ ಮಾಡಿದ್ದೆ. ಮ್ಯಾಪಲ್ಲಿ ಊರಿನ ಸುತ್ತ ಒಂದು ವೃತ್ತ ಹಾಕಿ, ಭಾಷೆ ಕನ್ನಡ ಅಂತ ಆರಿಸಿದೆ. ಎಷ್ಟು ಜನರಿಗೆ ತಲುಪಬಹುದು ಅಂತ ಪಕ್ಕದಲ್ಲಿ ತೋರಿಸ್ತದಲ್ಲ, ಆ ನಂಬ್ರ ಪಾತಾಳಕ್ಕೆ ಹೋಯ್ತು. ಯಾಕೆಂದ್ರೆ ನಮ್ಮವರ ಫೋನೇ ಇಂಗ್ಲಿಷಲ್ಲಿ ಉಂಟು, ಫೇಸ್‌ಬುಕ್ಕಿನ ಲೆಕ್ಕಕ್ಕೆ ಅವರು ಕನ್ನಡದವರೇ ಅಲ್ಲ. ನಾನೆಂತ ಮಾಡಿದೆ? ಕನ್ನಡ ತೆಗೆದೆ. ನಂಬ್ರ ಮೇಲೆ ಹೋಯ್ತು, ಖುಷಿಯಾಯ್ತು. ಬಯಲಾಟಕ್ಕೆ ನಾನೇ ಹಾಗೆ ಮಾಡಿದ್ರೆ, ಚಿನ್ನದಂಗಡಿಯವ ಇಡೀ ಕೇರಳ ಅಂತ ಒಂದು ಟಿಕ್ ಹಾಕಿ ಕೂತವ, ಮಂಜೇಶ್ವರದ ನಾಲ್ಕು ಜನರಿಗೆ ಅಂತ ಬೇರೆ ಕನ್ನಡ ಆ್ಯಡ್ ಯಾಕೆ ಮಾಡಿಸ್ತಾನೆ? ದ್ವೇಷ ಎಂತದ್ದೂ ಇಲ್ಲ ಇಲ್ಲಿ, ಗಿಟ್ಟುದಿಲ್ಲ ಅಷ್ಟೇ. ದ್ವೇಷ ಆಗಿದ್ರೆ ಒಂದು ಅರ್ಜಿಯಾದ್ರೂ ಹಾಕಬಹುದಿತ್ತು.

ಇನ್ನೊಂದು ದಿನ ಅಮ್ಮ ರಿಮೋಟಿನ ಮೈಕ್ ಒತ್ತಿ "ಮೇಳ" ಅಂದ್ರು. ನಮಗೆ ಮೇಳ ಅಂದ್ರೆ ಯಕ್ಷಗಾನದ ಮೇಳ. ಟಿವಿಗೆ ಅದು ಮೇಳಂ, ತ್ರಿಶೂರು ಕಡೆಯ ಪಂಚಾರಿ ಮೇಳ ಹಾಕಿತು, ನೂರಾರು ಜನ ಸಾಲಾಗಿ ನಿಂತು ಚೆಂಡೆ ಬಡಿಯುದು. ಅಮ್ಮ ಅಡಕೆ ಸುಲಿಯುದು ಬಿಟ್ಟು ಇಪ್ಪತ್ತು ನಿಮಿಷ ನೋಡಿ ಆಮೇಲೆ ಕೇಳಿದ್ರು, "ಚೆಂಡೆ ಲಾಯ್ಕಿದ್ದು, ವೇಷ ಯಾವಗ ಬಪ್ಪದು?" ಆ ಇಪ್ಪತ್ತು ನಿಮಿಷಕ್ಕೆ ಟಿವಿ ಎಂತ ತೀರ್ಮಾನ ಮಾಡಿತೋ, ಈಗ ಆನ್ ಮಾಡಿದ್ರೆ ಸಾಕು, ಒಂದರ ಹಿಂದೆ ಒಂದು ಪೂರಂ ಉತ್ಸವ.

ಇಲ್ಲಿ ಏನೂ ಆಗುದೇ ಇಲ್ಲ ಅಂತ ಅಲ್ಲ. ಆಂಡ್ರಾಯ್ಡ್ ಟಿವಿಯಲ್ಲಿ ತನ್ನ ಆ್ಯಪ್ ಎಲ್ಲ ಒಟ್ಟಿಗೆ ತುಂಬಿಸಿಯೇ ಕೊಡ್ಬೇಕು ಅಂತ ಗೂಗಲ್ ಹಾಕಿದ ಷರತ್ತಿನ ಬಗ್ಗೆ ನಮ್ಮ ಸ್ಪರ್ಧಾ ಆಯೋಗದಲ್ಲಿ ಕೇಸಾಗಿ 2025ರ ಎಪ್ರಿಲಲ್ಲಿ 20.24 ಕೋಟಿ ರೂಪಾಯಿಗೆ ಸೆಟ್ಲ್‌ಮೆಂಟ್ ಆಯ್ತು. ಇನ್ನು ಟಿವಿ ಕಂಪನಿಗಳು ಬೇಕಾದ್ದನ್ನು ಮಾತ್ರ ಬಿಡಿಯಾಗಿ ತಗೊಳ್ಬಹುದಂತೆ. ಒಳ್ಳೇದೇ. ಆದ್ರೆ ಅದು ದೊಡ್ಡವರಿಗೂ ದೊಡ್ಡವರಿಗೂ ಇರುವ ತಕರಾರು, ಅಮ್ಮನ ಒಂಬತ್ತರ ಬಗ್ಗೆ ಅಲ್ಲ.

ಆ ನಾಲ್ಕು ಬಟನ್ ಅಮ್ಮನ ಕೈತಾಗಿ ದಿನಕ್ಕೆ ಹತ್ತು ಸಲ ಒತ್ತಿಹೋಗಿ ದುಡ್ಡು ಕಟ್ಟಿ ದುಡ್ಡು ಕಟ್ಟಿ ಅಂತ ಬರ್ತಿತ್ತು. ಕೊನೆಗೆ ಪಂಪಿನ ವಯರಿಗೆ ಸುತ್ತುವ ಕಪ್ಪು ಟೇಪು ತಂದು ನಾಲ್ಕರ ಮೇಲೂ ಅಂಟಿಸಿದೆ. ಒಂದು ವಾರ ಭಾರೀ ಆರಾಮ. ಮೊನ್ನೆ ರಾತ್ರಿ ಟಿವಿ ತಾನಾಗಿ ಅಪ್ಡೇಟ್ ಆಯ್ತು, ಬೆಳಿಗ್ಗೆ ಹಾಕಿ ನೋಡಿದ್ರೆ ಪರದೆಯ ಮೇಲಿನ ಮೊದಲ ಸಾಲಲ್ಲಿ ಅದೇ ನಾಲ್ಕು, ಮೊದಲಿಗಿಂತ ದೊಡ್ಡದಾಗಿ. ಅಮ್ಮ ಟೇಪಿನ ಸುರುಳಿ ಕೈಯಲ್ಲಿ ಹಿಡ್ಕೊಂಡು ಪರದೆಯನ್ನೇ ಅಳತೆ ಮಾಡ್ತಾ ನಿಂತಿದ್ರು.